ನನ್ನ ಹೊಟ್ಟೆಯಲ್ಲಿ ಏಳು ಹರಳು

ನಾನು ಒಂದು ಹಿತ್ತಾಳೆಯ ಪೀಕದಾನಿ. ಹೆಸರು ಕೇಳಿದ ಕೂಡಲೇ ಮೂಗು ಮುರಿಯಬೇಡಿ. ನಿಮ್ಮಂಥವರು ಎಲೆಯಡಿಕೆ ಜಗಿದು ಉಗಿಯದೆ ಇದ್ದಿದ್ದರೆ ನಾನು ಹುಟ್ಟುತ್ತಲೇ ಇರಲಿಲ್ಲ. ತಿಂದವರು ನೀವು, ಉಗಿದವರು ನೀವು, ಹೇಸಿಗೆ ಅನ್ನಿಸಿಕೊಂಡದ್ದು ಮಾತ್ರ ನಾನು. ಇರಲಿ ಬಿಡಿ, ಅದು ಹಳೇ ಜಗಳ.

ಕುಮಟೆಯ ಒಬ್ಬ ಕಂಚುಗಾರ ನನ್ನನ್ನು ತಟ್ಟಿ ತಟ್ಟಿ ಮಾಡಿದ. ಅವನ ಮುಖ ಮರೆತಿದೆ, ಸುತ್ತಿಗೆ ಮಾತ್ರ ಚೆನ್ನಾಗಿ ನೆನಪಿದೆ. ಕೆಳಗೆ ಕುಂಬಳಕಾಯಿಯಂಥ ಹೊಟ್ಟೆ, ಅದರ ಮೇಲೆ ಎರಡು ಬೆರಳು ಮಾತ್ರ ತೂರುವಷ್ಟು ಸಪೂರ ಕತ್ತು, ಕತ್ತಿನ ಮೇಲೆ ತಟ್ಟೆಯ ಹಾಗೆ ಅರಳಿದ ಬಾಯಿ. ಉಗಿದದ್ದು ಒಳಗೆ ಇಳಿಯಬೇಕು, ಆದರೆ ಯಾರ ಕಣ್ಣಿಗೂ ಬೀಳಬಾರದು. ದೊಡ್ಡವರ ಮನೆಯ ವಸ್ತುಗಳೆಲ್ಲ ಹೀಗೇ ಇರುತ್ತವೆ.

ನನ್ನನ್ನು ಮೊದಲು ಕೊಂಡವರು ಕಾರವಾರದ ವಕೀಲ ಸುಬ್ರಾಯ ನಾಡಕರ್ಣಿ. ಕೋರ್ಟಿನಲ್ಲಿ ಮಾತು, ಮನೆಯಲ್ಲಿ ಎಲೆಯಡಿಕೆಯ ಕವಳ. ಒಮ್ಮೆ ಗೆದ್ದೇ ಗೆಲ್ಲುತ್ತೇನೆಂದು ಊರಿಗೆಲ್ಲ ಹೇಳಿಕೊಂಡಿದ್ದ ಒಂದು ಕೇಸು ಸೋತು ಬಂದವರು, ಜಡ್ಜಿಗೆ ಒದೆಯಲಾಗದೆ ನನಗೆ ಒದ್ದರು. ಅವರ ಹೆಬ್ಬೆರಳು ಊದಿಕೊಂಡಿತು. ನನ್ನ ಕತ್ತಿನ ಕೆಳಗೆ ಒಂದು ನೆಗ್ಗು ಬಿತ್ತು. ಹೊರಗಿನಿಂದ ನೋಡಿದರೆ ಸಣ್ಣ ಗುಳಿ, ಒಳಗೆ ಅದೇ ಉಬ್ಬಿ, ಕತ್ತಿನ ಬೆಸುಗೆಗೂ ಅದಕ್ಕೂ ನಡುವೆ ಒಂದು ಇಕ್ಕಟ್ಟಿನ ಸಂದು. ಈ ಸಂದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೊಂದು ದಿನ ಅಲುಗಾಡುತ್ತಿದ್ದ ವಕೀಲರ ಹಲ್ಲು ಕವಳದ ಜೊತೆಗೆ ನನ್ನೊಳಗೆ ಬಿತ್ತು. ಅವರ ಸೊಸೆ ಹುಣಸೆಹಣ್ಣು ಹಚ್ಚಿ ತಿಕ್ಕುವಾಗಲೆಲ್ಲ, "ಈ ಪೀಡೆಯ ಹೊಟ್ಟೆಯೊಳಗೆ ಏನೋ ಸಿಕ್ಕೊಂಡದೆ" ಎಂದು ನನ್ನನ್ನು ಬೋರಲು ಹಾಕಿ ಕುಟ್ಟುತ್ತಿದ್ದಳು. ಹಲ್ಲು ಹೊರಗೆ ಬಂದದ್ದು ವಕೀಲರ ತಿಥಿ ಕಳೆದ ಮೇಲೆ.

ಕವಳ ತಿನ್ನುವವರು ಹೋದರು, ನಾನು ಅಟ್ಟಕ್ಕೆ ಹೋದೆ. ಅಲ್ಲಿಂದ ಮೊಮ್ಮಗನ ಕೈಯಿಂದ ಗೋವಾದ ಹಳೇ ಸಾಮಾನಿನ ಅಂಗಡಿಗೆ. ಮುರಿದ ಗ್ರಾಮಾಫೋನಿನ ಪಕ್ಕ ಕೂತು ಧೂಳು ಕುಡಿಯುತ್ತಿದ್ದೆ. ನನ್ನ ಕಥೆ ಮುಗಿಯಿತು ಅಂದುಕೊಂಡಿದ್ದಾಗ ಬಂದರು ಮಂಗಳೂರಿನ ಮೆಲ್ವಿನ್ ಸಲ್ಡಾನ್ಹ. ನನ್ನನ್ನು ಎತ್ತಿ, ತಿರುಗಿಸಿ, "ಅರೇ, ಇದೇ ಬೇಕಿತ್ತು ಮಾರಾಯ್ರೆ ನನಗೆ!" ಎಂದು ಕುಣಿದಾಡಿದರು. ಹುಟ್ಟಿದಂದಿನಿಂದ ನನ್ನನ್ನು ನೋಡಿ ಯಾರೂ ಕುಣಿದಿರಲಿಲ್ಲ.

ಮೆಲ್ವಿನ್ ಅವರದು 'ನೀಲಾಂಬರಿ' ಎಂಬ ಬಿಳಿಯ ವಿಹಾರ ನೌಕೆ. ಚಳಿಗಾಲದ ಬಿಸಿಲಿನಲ್ಲಿ ಹಣವಂತರನ್ನು ಗೋವಾದಲ್ಲಿ ಹತ್ತಿಸಿಕೊಂಡು, ಕಾರವಾರದ ದ್ವೀಪಗಳು, ನೇತ್ರಾಣಿ ಎಂದು ನಿಲ್ಲಿಸುತ್ತ, ಬಗೆಬಗೆಯ ವೈನು ಸವಿಸುತ್ತ ಮಲ್ಪೆಗೆ ತಂದು ಇಳಿಸುವುದು ಅವರ ಕೆಲಸ. ನಂದಿಬೆಟ್ಟದ ವೈನು, ನಾಸಿಕದ ವೈನು, ಪೋರ್ಚುಗಲ್ಲಿನದು, ಇಟಲಿಯದು. ಈ ವೈನಿನವರ ಪದ್ಧತಿ ನನಗೆ ಮೊದಮೊದಲು ತಲೆಬುಡ ಅರ್ಥವಾಗಲಿಲ್ಲ. ಗ್ಲಾಸನ್ನು ಗರಗರ ತಿರುಗಿಸುತ್ತಾರೆ, ಮೂಗನ್ನು ಗ್ಲಾಸಿನೊಳಗೇ ಇಳಿಸಿ ಉಸಿರೆಳೆಯುತ್ತಾರೆ, ಒಂದು ಗುಟುಕು ಬಾಯಲ್ಲಿ ಮುಕ್ಕಳಿಸುತ್ತಾರೆ, ಆಮೇಲೆ ನನ್ನೊಳಗೆ ಉಗಿಯುತ್ತಾರೆ! ಗ್ಲಾಸಿನಲ್ಲಿ ಉಳಿದದ್ದನ್ನೂ ನನಗೇ ಸುರಿಯುತ್ತಾರೆ. ಎಲ್ಲವನ್ನೂ ನುಂಗುತ್ತ ಹೋದರೆ ಅಮಲೇರಿ ರುಚಿ ತಿಳಿಯುವುದಿಲ್ಲವಂತೆ. ಅಷ್ಟು ದುಡ್ಡಿನ ವೈನನ್ನು ಉಗಿಯಲು ಅವರು ಬರುತ್ತಿದ್ದರು, ಕುಡಿಯಲು ನಾನಿದ್ದೆ. ಆ ನೌಕೆಯಲ್ಲಿ ಎಲ್ಲರಿಗಿಂತ ಹೆಚ್ಚು ವೈನು ಕುಡಿದದ್ದು ಈ ಪೀಕದಾನಿಯೇ.

ನನ್ನನ್ನು ನೋಡಿಕೊಳ್ಳುತ್ತಿದ್ದವಳು ಸುಲಕ್ಷಾ ಹರಿಕಂತ್ರ. ಅಂಕೋಲೆಯ ಹತ್ತಿರದ ಮೀನುಗಾರರ ಮನೆಯ ಹುಡುಗಿ. ಅತಿಥಿಗಳಿಗೆ ವೈನು ಬಗ್ಗಿಸುವುದು, ಗ್ಲಾಸು ಒರೆಸುವುದು, ಹೆಂಗಸರು ಸಮುದ್ರಸ್ನಾನ ಮಾಡಿ ಬಂದರೆ ಟವೆಲ್ಲು ಹಿಡಿಯುವುದು, ಎಲ್ಲ ಅವಳೇ. ನನ್ನನ್ನು ತೊಳೆಯುವಾಗ ಮುಖ ತಿರುಗಿಸದೆ ತೊಳೆದವಳು ಅವಳೊಬ್ಬಳು. ಕೆಲಸ ಮಾಡುತ್ತಲೇ ತನ್ನಷ್ಟಕ್ಕೆ ಗ್ರೀಸ್ ದೇಶದ ದ್ವೀಪಗಳ ಹೆಸರು ಬಾಯಿಪಾಠ ಮಾಡುತ್ತಿದ್ದಳು. ಆ ದ್ವೀಪಗಳ ನಡುವೆ ಓಡಾಡುವ ಒಂದು ದೊಡ್ಡ ವೈನು ಹಡಗಿಗೆ ಅವಳು ಆಯ್ಕೆಯಾಗಿದ್ದಳು. ಇನ್ನು ಉಳಿದಿದ್ದದ್ದು ಒಂದೇ. ಇವಳ ಮೇಲೆ ಯಾವ ದೂರೂ ಇಲ್ಲ ಎಂದು ಪೊಲೀಸರು ಹೇಳಬೇಕು. ಅದರಲ್ಲೇನಿದೆ, ಇರುವೆಗೂ ಕೆಡುಕು ಬಯಸದವಳ ಮೇಲೆ ಎಂಥ ದೂರು ಎಂದು ನಾನು ನಿಶ್ಚಿಂತೆಯಿಂದ ಇದ್ದೆ.

ಆ ಸಲದ ಪ್ರವಾಸದಲ್ಲಿ ಮೈಸೂರಿನ ಮಂದಾಕಿನಿ ಮೇಡಂ ಬಂದಿದ್ದರು. ರೇಷ್ಮೆ ವ್ಯಾಪಾರದ ದೊಡ್ಡ ಮನೆಯವರು. ಎಡಮೂಗಿನಲ್ಲಿ ಏಳು ಹರಳಿನ ವಜ್ರದ ಮೂಗುಬೊಟ್ಟು. ಬಿಸಿಲು ಬಿದ್ದರೆ ನನ್ನ ಹಿತ್ತಾಳೆಯ ಮೈಯ ಮೇಲೆ ಅದರ ಚುಕ್ಕೆಗಳು ಕುಣಿಯುತ್ತಿದ್ದವು. ತೀರಿಕೊಳ್ಳುವ ಮುಂಚೆ ಅವರ ತಾಯಿ ತಮ್ಮ ಮೂಗಿನಿಂದ ತೆಗೆದು ಮಗಳಿಗೆ ಇಟ್ಟದ್ದಂತೆ. ಅದನ್ನು ಹೇಳುವಾಗ ಅವರ ದನಿ ತೇವವಾಗುತ್ತಿತ್ತು. ಕೆಟ್ಟ ಹೆಂಗಸು ಎಂದು ನಾನು ಹೇಳುವುದಿಲ್ಲ.

ಆ ಬೆಳಿಗ್ಗೆ ಅವರು ಸಮುದ್ರದಲ್ಲಿ ಮಿಂದು ಬಂದರು. ಉಪ್ಪುನೀರು, ಬಿಸಿಲಿಗೆ ಹಚ್ಚಿದ ಎಣ್ಣೆ ಎಲ್ಲ ಸೇರಿ ಮೂಗು ಕೆರೆತ. ಮೂಗುಬೊಟ್ಟು ಅಲುಗುತ್ತಿತ್ತು. "ಸ್ವಲ್ಪ ಬಿಗಿ ಮಾಡಮ್ಮ" ಎಂದು ಸುಲಕ್ಷಾಳನ್ನು ಕರೆದರು. ಅವಳು ಒಳಗಿನ ತಿರುಪನ್ನು ಬೆರಳ ತುದಿಯಲ್ಲಿ ತಿರುಗಿಸಿ ನೋಡಿ, "ಮೇಡಂ, ತಿರುಪು ಸವೆದು ಹೋಗ್ಯದೆ. ಎಷ್ಟು ತಿರುಗಿಸಿದ್ರೂ ನಿಲ್ಲೂದಿಲ್ಲ. ತೆಗ್ದು ಡಬ್ಬಿಯಲ್ಲಿ ಇಟ್ಕಂಡ್ರೆ ಒಳ್ಳೇದು" ಎಂದಳು.

"ಅಯ್ಯೋ, ಬಿಡ್ತು ಅನ್ನು! ಮುತ್ತೈದೆ ಮೂಗು ಬರಿದಾಗಿರಬಾರದು ಕಣೇ. ನಮ್ಮಮ್ಮನ ಕಾಲದ್ದು, ಒಂದು ದಿನಾನೂ ಬಿದ್ದಿಲ್ಲ."

ಅಲ್ಲಿಗೆ ಮಾತು ಮುಗಿಯಿತು. ನಾನು ಅಲ್ಲೇ ಮೇಜಿನ ಕೆಳಗಿದ್ದೆ, ಎಲ್ಲ ಕೇಳಿಸಿಕೊಂಡೆ.

ನೇತ್ರಾಣಿ ಕಾಣುವಷ್ಟು ದೂರದಲ್ಲಿ ಲಂಗರು ಹಾಕಿ ವೈನು ಸವಿಯುವ ಕೂಟ ನಡೆಯಿತು. ಕೊನೆಗೆ ಪೋರ್ಚುಗಲ್ಲಿನ ಕಡುಗೆಂಪು ವೈನು ಬಂತು. "ಇದಕ್ಕೆ ಸಮುದ್ರದ ಗಾಳಿಯದ್ದೇ ಪರಿಮಳ. ನಾಚಿಕೆ ಬೇಡ, ಮೂಗನ್ನು ಪೂರಾ ಒಳಗೆ ಇಳಿಸಿ" ಎಂದರು ಮೆಲ್ವಿನ್. ಮಂದಾಕಿನಿ ಮೇಡಂ ಇಳಿಸಿದರು. ಕಣ್ಣು ಮುಚ್ಚಿ ಉಸಿರೆಳೆದರು. ಮೂಗಿನ ಪಕ್ಕ ಗ್ಲಾಸಿನ ಅಂಚು ತಾಗಿತು. ಒಂದು ಗುಟುಕು ಬಾಯಿಗೆ ಹಾಕಿ, "ಅಬ್ಬಾ, ಒಗರು!" ಎಂದು ನನ್ನೊಳಗೆ ಉಗಿದರು. ಉಳಿದದ್ದನ್ನೂ ಸುರಿದರು. ವೈನಿನ ಜೊತೆ ಇನ್ನೇನೋ ಬಂದು ನನ್ನ ತಳಕ್ಕೆ ಟಕ್ಕೆಂದು ಬಡಿಯಿತು. ಸಂಗೀತದ ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ.

ನನಗೆ ಗೊತ್ತಾಯಿತು. ಏಳು ಹರಳು, ಒಂದು ತಿರುಪು. ಕೂಗಲು ನನಗೆ ಬಾಯಿಯೇನೋ ಇದೆ, ಎಷ್ಟು ಅಗಲದ್ದು! ಆದರೆ ಅದು ಹಾಕಿಸಿಕೊಳ್ಳುವ ಬಾಯಿ, ಹೇಳುವ ಬಾಯಿ ಅಲ್ಲ.

ನೌಕೆ ಮಲ್ಪೆಯತ್ತ ಹೊರಟಿತು. ಊಟಕ್ಕೆ ಮುಂಚೆ ಕನ್ನಡಿ ನೋಡಿಕೊಂಡ ಮೇಡಂ ಕಿರುಚಿದ ಕಿರುಚಿಗೆ ಎಲ್ಲರೂ ಓಡಿಬಂದರು. ಮೂಗು ಬರಿದು. ಹಾಸಿಗೆ ಕೊಡವಿದರು, ಬಚ್ಚಲು ಸೋಸಿದರು, ಟವೆಲ್ಲುಗಳನ್ನು ಒಂದೊಂದಾಗಿ ಝಾಡಿಸಿದರು. ಸುಲಕ್ಷಾ ಎಲ್ಲರಿಗಿಂತ ಹೆಚ್ಚು ಹುಡುಕಿದಳು, ಮೊಣಕಾಲೂರಿ, ಹಲಗೆಯ ಸಂದುಗಳಲ್ಲಿ ಬೆರಳಾಡಿಸಿ. ಹುಡುಕುತ್ತಿದ್ದ ಅವಳ ಮುಂದೆ ಮೇಡಂ ಬಂದು ನಿಂತರು.

"ಬೆಳಿಗ್ಗೆ ಕೊನೇಲಿ ಮುಟ್ಟಿದವಳು ನೀನು."

"ಹೌದು ಮೇಡಂ. ನೀವೇ ಕರ್ದಿದ್ರಿ."

"ತೆಗೆದಿಡಿ, ತೆಗೆದಿಡಿ ಅಂದವಳೂ ನೀನೇ ತಾನೆ? ಆವಾಗ್ಲೇ ಕಣ್ಣು ಹಾಕಿದ್ದೆ ಅದರ ಮೇಲೆ!"

ನೋಡಿ, ಒಳ್ಳೆಯ ಮಾತು ಹೇಗೆ ತಿರುಗಿ ಕಚ್ಚಿತು! ಸುಲಕ್ಷಾ, "ನಾ ತಕಂಡಿಲ್ಲ ಮೇಡಂ" ಎಂದಷ್ಟೇ ಅಂದಳು. ಸುಮ್ಮನಿದ್ದರೆ ಕಳ್ಳತನ, ಅತ್ತರೆ ನಾಟಕ. ಅವಳ ಚೀಲ ತರಿಸಿ ಎಲ್ಲರ ಮುಂದೆ ಸುರಿಸಿದರು. ಎರಡು ಜೊತೆ ಬಟ್ಟೆ, ಬಾಚಣಿಗೆ, ಮಲ್ಪೆಯ ಅತ್ತೆಗೆಂದು ತಂದಿದ್ದ ಒಣಸಿಗಡಿಯ ಪೊಟ್ಟಣ. ಪೊಟ್ಟಣ ಒಡೆದು ಸಿಗಡಿ ಚೆಲ್ಲಿತು. ಸ್ವಲ್ಪ ಹೊತ್ತಿನ ಮುಂಚೆ ಗ್ಲಾಸಿನೊಳಗೆ ಮೂಗಿಟ್ಟು ಆಹಾ ಸಮುದ್ರದ ಪರಿಮಳ ಎಂದಿದ್ದವರೆಲ್ಲ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡರು. ಸಿಟ್ಟಿಗೆ ನನ್ನ ಮೈ ಕಾದುಹೋಯಿತು.

ಮೆಲ್ವಿನ್ ತಲೆ ಕೆರೆದುಕೊಂಡರು. "ನಾನು ಎಂತ ಮಾಡುದು ಮಾರಾಯ್ತಿ? ನನಗೆ ನಿನ್ನ ಮೇಲೆ ಸಂಶಯ ಇಲ್ಲ. ಆದ್ರೆ ಮಲ್ಪೆ ಮುಟ್ಟಿದ ಕೂಡ್ಲೆ ಪೊಲೀಸಿಗೆ ಹೇಳ್ಲೇಬೇಕಾಗ್ತದೆ. ಅವರು ಬಿಡುದಿಲ್ಲ."

"ಸರ್, ಒಂದು ದೂರು ಬಿದ್ರೆ ನನ್ನ ಹಡಗು ಹೋಯ್ತು."

"ಗೊತ್ತುಂಟು" ಎಂದು ಅವರು ಆಚೆ ನೋಡಿದರು.

ಅವಳನ್ನು ಹಿಂಬದಿಯ ಬೆಂಚಿನ ಮೇಲೆ ಕೂರಿಸಿದರು, ಎಲ್ಲಿಗೂ ಏಳಬಾರದು ಎಂದು ಹೇಳಿ. ಅವಳ ಕಾಲ ಬಳಿಯೇ ನಾನು. ಬಿಸಿಲು ಹಳದಿಯಾಗುತ್ತಿತ್ತು. ಬಲಕ್ಕೆ ನೀಲಿ ಕಡಲು, ಎಡಕ್ಕೆ ದೂರದಲ್ಲಿ ತೆಂಗಿನ ಸಾಲು, ಎದುರಿಗೆ ಮಲ್ಪೆ. ಅವಳು ಬೇಡಿಕೊಳ್ಳುತ್ತಿದ್ದದ್ದು ನನಗೆ ಕೇಳುತ್ತಿತ್ತು. ಅಮ್ಮಾ ತಾಯೀ, ಸತ್ಯ ತೋರಿಸು ಎಂದು. ತಾಯಿ ತೋರಿಸುವುದೇನು ಬಂತು, ಗೇಣು ದೂರದಲ್ಲಿ ನನ್ನ ಹೊಟ್ಟೆಯಲ್ಲಿತ್ತಲ್ಲ ಸತ್ಯ! ಬಗ್ಗಿ ನೋಡೇ ಮಾರಾಯ್ತಿ, ಒಮ್ಮೆ ಅಲುಗಾಡಿಸೇ ಎಂದು ನಾನು ಒಳಗೊಳಗೇ ಒದ್ದಾಡಿದೆ. ನೌಕೆ ಓಲಾಡುವಾಗಲೆಲ್ಲ ವೈನು ಕುಲುಕಿತು, ಆದರೆ ಮೂಗುಬೊಟ್ಟು ವೈನಿನ ತಳದಲ್ಲಿ ಸದ್ದಿಲ್ಲದೆ ಮಲಗಿತ್ತು.

ಆಗ ಬಂದ ಇಂಜಿನ್ ನೋಡಿಕೊಳ್ಳುವ ಇಸ್ಮಾಯಿಲ್. ಭಟ್ಕಳದವನು, ಒಳ್ಳೆಯವನು. ದಡ ಸೇರುವ ಮುಂಚೆ ನನ್ನನ್ನು ಕಡಲಿಗೆ ಖಾಲಿ ಮಾಡುವುದು ದಿನದ ರೂಢಿ. ಸುಲಕ್ಷಾ ಮಾಡುವ ಕೆಲಸವನ್ನು ಇವತ್ತು ತಾನೇ ಮಾಡೋಣ ಎಂದು ಅವನ ಕರುಣೆ. ಆ ಕರುಣೆಯೇ ಈಗ ಕುತ್ತು. ನನ್ನನ್ನು ಎತ್ತಿ ಕಟಕಟೆಯ ಆಚೆ ಹಿಡಿದು ಬಗ್ಗಿಸಿದ. ಕೆಂಪು ನೀರು ಧಾರೆಯಾಗಿ ಕಡಲಿಗೆ ಬೀಳತೊಡಗಿತು. ಅದರ ಸೆಳೆತಕ್ಕೆ ಮೂಗುಬೊಟ್ಟು ಜಾರುತ್ತ ಜಾರುತ್ತ ಕತ್ತಿನ ಕಡೆಗೆ ಬಂತು. ಇನ್ನೇನು, ಒಂದು ಬೆರಳಿನಷ್ಟು ದೂರ. ಅದು ಕಡಲು ಸೇರಿದರೆ ಇವಳು ಸಾಯುವ ತನಕ ಕಳ್ಳಿ.

ಟಣ್!

ನೆಗ್ಗಿನ ಸಂದಿಗೆ ಸಿಕ್ಕಿಕೊಂಡಿತು. ಬದುಕಿದೆ! ಸುಬ್ರಾಯ ನಾಡಕರ್ಣಿಯವರೇ, ನೀವು ಒದ್ದದ್ದಕ್ಕೆ ಇಷ್ಟು ವರ್ಷ ಶಾಪ ಹಾಕಿದ್ದೆ, ಇವತ್ತು ನಿಮಗೊಂದು ನಮಸ್ಕಾರ.

"ನಿಲ್ಲಿ!" ಸುಲಕ್ಷಾ ಬೆಂಚಿನಿಂದ ಹಾರಿ ಎದ್ದಿದ್ದಳು. "ಇಸ್ಮಾಯಿಲಣ್ಣ, ಬಗ್ಗಿಸ್ಬೇಡಿ! ನೆಟ್ಟಗೆ ಹಿಡೀರಿ!"

ಅವನು ಗಾಬರಿಯಾಗಿ ನನ್ನನ್ನು ನೇರ ಮಾಡಿದ. ಅರ್ಧ ವೈನು ಇನ್ನೂ ಒಳಗಿತ್ತು. ಇಬ್ಬರೂ ಮುಖ ಮುಖ ನೋಡಿಕೊಂಡರು. ಅವನು ನನ್ನ ಕತ್ತಿನೊಳಗೆ ಬೆರಳು ಇಳಿಸಲು ಹೋದ. ಅವಳು ಅವನ ಮಣಿಕಟ್ಟು ಹಿಡಿದಳು.

"ಮುಟ್ಬೇಡಿ."

"ಏ ತಂಗೀ, ಅದೇ ಇರ್ಬೇಕು! ತೆಗ್ದು ಅವ್ರ ಕೈಗೆ ಕೊಡು, ಮುಗೀತಲ್ಲ."

"ನಾ ತೆಗ್ದು ಕೊಟ್ರೆ ನಾನೇ ಅಡಗಿಸಿಟ್ಟಿದ್ದೆ ಅಂತಾರೆ. ನೀವು ತೆಗ್ದು ಕೊಟ್ರೆ ನಾವಿಬ್ರೂ ಸೇರಿ ಅಂತಾರೆ. ಎಲ್ಲರನ್ನೂ ಕರೀರಿ. ಅಲ್ಲೀವರೆಗೆ ನನ್ನ ಕೈ ಇಲ್ಲಿರ್ತದೆ" ಎಂದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಎಲ್ಲರೂ ಬಂದರು. ನನ್ನನ್ನು ವೈನು ಸವಿಯುವ ಮೇಜಿನ ನಡುವೆ ಇಟ್ಟರು. ಜೀವಮಾನದಲ್ಲಿ ಮೊದಲ ಸಲ ನಾನು ಮೇಜಿನ ಮೇಲೆ ಕೂತದ್ದು. ಸುಲಕ್ಷಾಳ ಮಾತು ಗಟ್ಟಿಯಾಗಿತ್ತು.

"ಮೇಡಂ, ಇದರೊಳಗೆ ಏನೋ ಸದ್ದಾಯ್ತು. ನಾನು ಮುಟ್ಟೂದಿಲ್ಲ. ನೀವೇ ಕೈ ಹಾಕಿ ನೋಡಿ."

"ಇದಕ್ಕಾ? ಥೂ! ಎಲ್ಲರ ಎಂಜಲು!"

ಹೌದು, ಎಲ್ಲರ ಎಂಜಲು ನನ್ನೊಳಗಿತ್ತು, ಅವರದೂ ಸೇರಿ. ಮಲ್ಪೆಯ ದೀಪಸ್ತಂಭ ಕಾಣುತ್ತಿತ್ತು. ಮಂದಾಕಿನಿ ಮೇಡಂ ಒಮ್ಮೆ ನನ್ನನ್ನು, ಒಮ್ಮೆ ಆ ಹುಡುಗಿಯ ಮುಖವನ್ನು ನೋಡಿದರು. ಆಮೇಲೆ ಬಳೆ ಹಿಂದಕ್ಕೆ ಸರಿಸಿ, ಕಣ್ಣು ಮುಚ್ಚಿ, ಎರಡು ಬೆರಳು ನನ್ನ ಕತ್ತಿನೊಳಗೆ ಇಳಿಸಿದರು. ಬೆರಳು ತಡಕಿತು, ನಿಂತಿತು.

"ಇದೆ" ಎಂದರು. "ಅಮ್ಮಂದೇ. ಇಲ್ಲೇ ಇದೆ."

ಇದೆ, ಆದರೆ ಬರುವುದಿಲ್ಲ. ವಕೀಲರ ಹಲ್ಲನ್ನು ವರ್ಷಗಟ್ಟಲೆ ಹಿಡಿದಿಟ್ಟುಕೊಂಡಿದ್ದ ಸಂದು ಅದು! ಬಕೆಟ್ಟಿನ ಮೇಲೆ ಬೋರಲು ಹಾಕಿದರು, ಕುಟ್ಟಿದರು, ಏನೂ ಆಗಲಿಲ್ಲ. ಮೆಲ್ವಿನ್, "ಮಂಗಳೂರಿಗೆ ಹೋಗಿ ನಿಧಾನ ತೆಗೆಸುವ, ಹಳೇ ಕಾಲದ ಪಾತ್ರೆ" ಎಂದು ಗೊಣಗಿದರು.

"ಇಲ್ಲ ಸರ್, ಈಗ್ಲೇ. ದಡ ಮುಟ್ಟೂ ಮುಂಚೆ, ಇವ್ರೆಲ್ಲರ ಕಣ್ಣೆದುರಿಗೆ" ಎಂದಳು ಸುಲಕ್ಷಾ.

ಇಸ್ಮಾಯಿಲ್ ಕಬ್ಬಿಣ ಕುಯ್ಯುವ ಗರಗಸ ತಂದ. ನೋವಾಯಿತೇ ಎಂದು ಕೇಳಬೇಡಿ, ಆಯಿತು. ಕಂಚುಗಾರ ಅಷ್ಟು ಪ್ರೀತಿಯಿಂದ ಕೂಡಿಸಿದ್ದ ಕತ್ತು ಕಿರ್ರೆನ್ನುತ್ತ ತುಂಡಾಯಿತು. ಆದರೂ ಕುಯ್ಯಿ ಕುಯ್ಯಿ ಎಂದೇ ನಾನು ಹೇಳುತ್ತಿದ್ದೆ. ನನ್ನ ಅಗಲ ಬಾಯಿ ಹೋಗಿ, ಹೊಟ್ಟೆ ಮಾತ್ರ ಉಳಿಯಿತು. ಸಂದಿನಲ್ಲಿ ಏಳು ಹರಳು ಬಿಸಿಲಿಗೆ ಮಿಂಚಿದವು. ಮೇಡಂ ತಮ್ಮ ಕೈಯಿಂದಲೇ ಎತ್ತಿಕೊಂಡರು, ಎಂಜಲೆನ್ನದೆ ಕಣ್ಣಿಗೊತ್ತಿಕೊಂಡು ಗಳಗಳ ಅತ್ತರು.

"ಸಿಕ್ತಲ್ಲ, ದೇವರು ದೊಡ್ಡವನು" ಎಂದರು. ಒಳಗೆ ಹೋದರು.

ದೇವರು ದೊಡ್ಡವನೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಚೀಲ ಸುರಿಸಿದ್ದು ದೇವರದಲ್ಲವಲ್ಲ! ಒಂದು ಮಾತು, ಒಂದೇ ಒಂದು ಮಾತು ಆ ಹುಡುಗಿಗೆ ಹೇಳಲಿಲ್ಲ. ಅವಳು ನೆಲದ ಮೇಲೆ ಚೆಲ್ಲಿದ್ದ ಒಣಸಿಗಡಿಯನ್ನು ಒಂದೊಂದಾಗಿ ಆಯ್ದಳು. ಆಮೇಲೆ ಮೆಲ್ವಿನ್ ಬಂದು ಮೇಡಂ ಕೊಟ್ಟ ನೋಟುಗಳನ್ನು ಚಾಚಿದರೆ, ತಲೆಯಾಡಿಸಿ, "ಅದು ಬೇಡ ಸರ್, ಈ ಮುರುಕು ಪೀಕದಾನಿ ಕೊಡಿ" ಎಂದಳು. ಕಂಕುಳಲ್ಲಿ ನನ್ನನ್ನು ಇರುಕಿಕೊಂಡು ಮಲ್ಪೆಯಲ್ಲಿ ಇಳಿದಳು. ಅವಳ ಮೇಲೆ ಯಾವ ದೂರೂ ಬೀಳಲಿಲ್ಲ.

ಈಗ ನಾನಿರುವುದು ಬೇರೆ ಕಡಲಿನಲ್ಲಿ. ಹೌದು, ಗ್ರೀಸಿನ ದ್ವೀಪಗಳ ನಡುವೆ! ಬೆಳ್ಳಗೆ ಸುಣ್ಣ ಬಳಿದ ಮನೆಗಳು, ಗುಡ್ಡದ ಮೇಲೆ ದ್ರಾಕ್ಷಿ ತೋಟ, ಹಡಗಿನ ತುಂಬ ಬಿಸಿಲು. ಸುಲಕ್ಷಾ ನನ್ನ ಕುಯ್ದ ಅಂಚನ್ನು ಅರ ಹಾಕಿ ನುಣುಪು ಮಾಡಿಸಿ, ಕೂಟ ನಡೆಸುವ ಮೇಜಿನ ಮೇಲೆ ಬಾಟಲಿಯ ಬಿರಡೆ ಹಾಕಲು ಇಟ್ಟುಕೊಂಡಿದ್ದಾಳೆ. ಯಾರೂ ನನ್ನೊಳಗೆ ಉಗಿಯುವುದಿಲ್ಲ. ಅದಕ್ಕೆ ಬೇರೆ ಸ್ಟೀಲಿನವನಿದ್ದಾನೆ, ಹೊಸಬ, ಸೊಕ್ಕು ಜಾಸ್ತಿ. ಇಲ್ಲಿ ಅವಳೇ ವೈನಿನ ಕಥೆ ಹೇಳುವವಳು. ಎಲ್ಲ ಚೆನ್ನಾಗಿದೆ. ಒಂದೇ ನೋಡಿ, ಯಾವ ಅತಿಥಿಯ ಒಡವೆ ಸಡಿಲವಾಗಿರುವುದು ಕಂಡರೂ ಅವಳ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ಒಂದು ಹೆಜ್ಜೆ ಹಿಂದೆ ಸರಿದು ಕೈ ಬೆನ್ನಿಗೆ ಕಟ್ಟಿಕೊಳ್ಳುತ್ತಾಳೆ. ಹುಣಸೆಹಣ್ಣು ಹಚ್ಚಿದರೆ ನನ್ನ ಕಲೆ ಹೋಗುತ್ತದೆ. ಅವಳ ಮನಸ್ಸಿನಿಂದ ಅಂದಿನ ಮಾತು ಹೋಗಿರಲಿಲ್ಲ.

ಮೊನ್ನೆ ಹುಬ್ಬಳ್ಳಿಯ ಕಡೆಯ ಒಬ್ಬ ಹಿರಿಯ ಹೆಂಗಸು ಬಂದಿದ್ದರು, ಶಿವಗಂಗವ್ವ ಎಂದು. ಮಗಳ ಜೊತೆ ದೇಶ ನೋಡಲು ಹೊರಟವರು. ವೈನು ಮೂಸಲು ಗ್ಲಾಸಿಗೆ ಬಗ್ಗಿದಾಗ ಕಿವಿಯ ಮುತ್ತಿನ ಓಲೆ ಕೊಕ್ಕೆಯಿಂದ ಅರ್ಧ ಜಾರಿ ತೂಗುತ್ತಿತ್ತು. ಸುಲಕ್ಷಾ ನೋಡಿದಳು. ನಾನೂ ನೋಡಿದೆ. ಅವಳ ಕೈ ಬೆನ್ನ ಹಿಂದೆ ಹೋಯಿತು. ಹೇಳೇ ಮಾರಾಯ್ತಿ ಎಂದು ನನ್ನ ಹಿತ್ತಾಳೆಯೆಲ್ಲ ಬಿಗಿಯಾಯಿತು. ಹೆಂಗಸು ಇನ್ನೂ ಬಗ್ಗಿದರು.

"ಅಮ್ಮಾ" ಎಂದಳು, ಇಡೀ ಕೋಣೆಗೆ ಕೇಳುವಷ್ಟು ಗಟ್ಟಿಯಾಗಿ. "ನಿಮ್ಮ ಓಲೆ ಬೀಳ್ತಾ ಇದೆ. ನೀವೇ ಕೈ ಹಾಕಿ ನೋಡಿಕೊಳ್ಳಿ."

ಕನ್ನಡ ಕೇಳಿ ಆ ಹೆಂಗಸಿನ ಮುಖ ಅರಳಿತು. "ಅಯ್ಯ ನನ್ನವ್ವ, ಕನ್ನಡದಾಕಿ ಏನ ನೀ! ಛಲೋ ಹೇಳಿದಿ ನೋಡು, ಇಲ್ಲಾಂದ್ರ ಹೋಗೇಬಿಡತಿತ್ತು." ಕಿವಿ ತಡಕಿಕೊಂಡರು. "ನನಗ ಕಣ್ಣ ಕಾಣಂಗಿಲ್ಲ. ಕೈ ಯಾಕ ಹಿಂದ ಕಟಗೊಂಡ ನಿಂತೀ? ಬಾ, ನೀನ ತೆಗಿ."

ಎಂದವರೇ ತಮ್ಮ ಕಿವಿಯನ್ನು ಅವಳ ಕಡೆಗೆ ತಿರುಗಿಸಿ, ಕಣ್ಣು ಮುಚ್ಚಿ ಕೂತರು.

ಸುಲಕ್ಷಾ ನಿಂತೇ ಇದ್ದಳು. ಆಮೇಲೆ ಅವಳ ಕೈಗಳು ಬೆನ್ನ ಹಿಂದಿನಿಂದ ಮೆಲ್ಲನೆ ಮುಂದೆ ಬಂದವು. ಒಂದು ಓಲೆ ಬಿಡಿಸಿದಳು, ಇನ್ನೊಂದನ್ನೂ ಬಿಡಿಸಿದಳು, ಅಂಗೈಯಲ್ಲಿಟ್ಟುಕೊಂಡು ಏನು ಮಾಡಬೇಕೆಂದು ತಿಳಿಯದೆ ನೋಡುತ್ತಿದ್ದಳು.

"ಅಲ್ಲೇ ಆ ಹಿತ್ತಾಳಿ ಗುಂಡ್ಯಾಗ ಇಡವ್ವ. ಹೋಗೂಮುಂದ ಕೊಡುವಂತಿ" ಎಂದರು ಶಿವಗಂಗವ್ವ, ಕಣ್ಣು ತೆರೆಯದೆ.

ಓಲೆಗಳು ಟಣ್ ಟಣ್ ಎಂದು ನನ್ನ ಹೊಟ್ಟೆಗೆ ಬಿದ್ದವು. ಶಿವಗಂಗವ್ವ ಗ್ಲಾಸು ಎತ್ತಿಕೊಂಡು, "ಹ್ಞೂಂ, ಈಗ ಹಾಕು ನಿನ್ನ ದ್ರಾಕ್ಷಿ ನೀರು" ಎಂದರು. ಸುಲಕ್ಷಾ ಸೆರಗಿಲ್ಲದ್ದಕ್ಕೆ ಹಡಗಿನ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡು ಬಾಟಲಿ ಬಗ್ಗಿಸಿದಳು.